ಎಕ್ಸ್-ರೇಯಲ್ಲಿ ಉಳಿದ ನನ್ನ ಬೆರಳು

“ಮರಿ ನಂದು ಚಲೋನ ಇತ್ರೀ. ನಾಯಿ ಸಾಕಾಕ ಬರಲಾರದವರ ಕೈಯಾಗ ಹೋಗಿ ಕೆಟ್ಟೈತಿ, ಅಷ್ಟ.”

ಟಿಳಕವಾಡಿಯ ನಮ್ಮ ನಾಯಿ ದವಾಖಾನೆಯ ಬಾಗಿಲಲ್ಲಿ ನಿಂತು, ಒಳಗೆ ಕುಳಿತ ಮಂದಿಗೆಲ್ಲ ಕೇಳುವ ಹಾಗೆ ಈ ಮಾತು ಹೇಳಿದವರು ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುವ ಸಾಹುಕಾರರು. ಫೌಂಡ್ರಿಯ ಜೊತೆಗೆ ಅವರು ಜರ್ಮನ್ ಶೆಫರ್ಡ್ ಮರಿಗಳನ್ನೂ ಮಾರುತ್ತಾರೆ. ಮಾತು ಬಿದ್ದದ್ದು ಖಾನಾಪುರದಿಂದ ಬಂದಿದ್ದ ಒಬ್ಬ ಹೆಣ್ಣುಮಗಳ ಮೇಲೆ. ಆಕೆ ಬಸ್ ಕಂಡಕ್ಟರ್. ಇನ್ನೂ ವರ್ಷ ತುಂಬದ ನಾಯಿಯ ಹಗ್ಗ ಹಿಡಿದು ಬೆಂಚಿನ ಮೇಲೆ ಕುಳಿತಿದ್ದಳು. ನಾನು ಒಳಗೆ ಎಕ್ಸ್-ರೇ ಟೇಬಲ್ ಒರೆಸುತ್ತಿದ್ದೆ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಉರಿ ಸಾಹುಕಾರರೊಬ್ಬರ ಮೇಲಲ್ಲ. ಅಷ್ಟು ಧೈರ್ಯದಿಂದ ಅವರು ಸುಳ್ಳು ಹೇಳುವಂತೆ ಮಾಡಿದ್ದು ನನ್ನ ಈ ಎರಡು ಕೈಗಳು.

ನನ್ನ ಕೆಲಸ ಪ್ರಾಣಿಗಳನ್ನು ಹಿಡಿಯುವುದು. ಹೈಸ್ಕೂಲು ಮುಗಿಸಿ ಬೀಡಿ ಎಂಬ ಊರಿನ ಕಡೆ ದನದ ದವಾಖಾನೆಯಲ್ಲಿ ಅಟೆಂಡರ್ ಆದಾಗ ಕಲಿತದ್ದು ಅದನ್ನೇ. ನಿವೃತ್ತಿಯಾಗಿ ಈ ದವಾಖಾನೆಗೆ ಬಂದಾಗ ಜೊತೆಗೆ ತಂದದ್ದೂ ಅದನ್ನೇ. ಅಲ್ಲಿ ಹೋರಿಗೆ ಹಗ್ಗ ಸುತ್ತಿ ಕೆಡವುತ್ತಿದ್ದೆವು. ಎಮ್ಮೆಯ ಮೂಗಿನೊಳಗೆ ಎರಡು ಬೆರಳು ತೂರಿಸಿ ಒತ್ತಿದರೆ ಅದು ನಿಂತಲ್ಲೇ ನಿಲ್ಲುತ್ತಿತ್ತು. ಮಂಪರು ಬರಿಸುವ ಔಷಧ, ನಮ್ಮ ಕಡೆಯ ಮಾತಿನಲ್ಲಿ ‘ಭೂಲ್’, ನಮಗೆ ಬೇಕಾಗಿಯೇ ಇರಲಿಲ್ಲ. ನನ್ನ ಕೈಯೇ ಭೂಲ್ ಎಂದು ರೈತರು ನಗುತ್ತಿದ್ದರು. ಆ ಮೆಚ್ಚುಗೆ ತಲೆಗೇರಿತ್ತು.

ನಾಯಿಯ ಸೊಂಟದ ಎಕ್ಸ್-ರೇಗೆ ಆ ಕೈ ಸಲ್ಲದು. ಇದನ್ನು ನಮ್ಮ ಡಾಕ್ಟರರು ನನಗೆ ಮೊದಲೇ ತಿಳಿಸಿ ಹೇಳಿದ್ದರು. ತೊಡೆಯ ಎಲುಬಿನ ತುದಿಯಲ್ಲಿ ಒಂದು ಗುಂಡು ಇರುತ್ತದೆ, ಸೊಂಟದಲ್ಲಿ ಅದು ಕೂರುವ ಒಂದು ಬಟ್ಟಲು ಇರುತ್ತದೆ. ದೊಡ್ಡ ತಳಿಯ ಕೆಲವು ನಾಯಿಗಳಲ್ಲಿ ಬಟ್ಟಲು ಆಳವಿಲ್ಲದೆ ಬೆಳೆದು ಗುಂಡು ಸಡಿಲಾಗಿ ಜಾರುತ್ತದೆ. ಈ ದೋಷ ಹೆತ್ತವರಿಂದ ಮರಿಗೆ ಇಳಿಯಬಹುದು. ಆದ್ದರಿಂದಲೇ ಮರಿ ಹಾಕಿಸುವ ಮೊದಲು ತಾಯಿ ತಂದೆಗಳ ಸೊಂಟ ನೋಡಬೇಕು ಎನ್ನುವುದು.

“ಎಚ್ಚರಿದ್ದ ನಾಯಿನ್ನ ಹಿಡದು ಫೋಟೋ ತಗದ್ರ ಅದು ಅಂಜಿ ಮೈ ಬಿಗಿ ಮಾಡ್ತೈತಿ, ಕಾಕಾ,” ಎಂದಿದ್ದರು ಡಾಕ್ಟರು. “ಬಿಗಿಯಾದ ಮಾಂಸ ಗುಂಡನ್ನ ಒಳಗ ಜಗ್ಗಿ ಹಿಡಿತೈತಿ. ಸಡಿಲ ಇದ್ದದ್ದೂ ಗಟ್ಟಿ ಇದ್ದಂಗ ಕಾಣ್ತೈತಿ. ಅದಕ್ಕ ಭೂಲ್ ಕೊಡೂದು.”

ನಾನು ತಲೆಯಾಡಿಸಿದ್ದೆ. ತಿಳಿದಿತ್ತು. ತಿಳಿದ ಮೇಲೂ ಮಾಡಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಾಹುಕಾರರು ತಮ್ಮ ಹೆಣ್ಣು ನಾಯಿಯನ್ನು ಮೊದಲ ಸಲ ಎಕ್ಸ್-ರೇಗೆ ತಂದಾಗ ಡಾಕ್ಟರು ಭೂಲ್ ಸಿದ್ಧಮಾಡತೊಡಗಿದರು. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿದರು. “ಕಾಕಾ ಇದ್ದಾನಲ್ಲ, ಭೂಲ್ ಯಾಕ್ರಿ? ಎಂಥಾ ಹೋರಿ ಹಿಡದವ ಈ ಹೆಣ್ಣ್ ನಾಯಿ ಹಿಡಿಲಾರನೇನು?” ನಾನು ಬೇಡ ಎನ್ನಲಿಲ್ಲ. ಕಿರಣ ತಡೆಯುವ ಸೀಸದ ಕೈಗವಸು ತೊಟ್ಟರೆ ಹಿಡಿತ ಜಾರುತ್ತದೆಂದು ಅದನ್ನೂ ಬಿಟ್ಟೆ. ನಾಯಿಯನ್ನು ಅಂಗಾತ ಕೆಡವಿ ಹಿಂಗಾಲುಗಳನ್ನು ಜಗ್ಗಿ ಹಿಡಿದೆ. ಅದರ ತೊಡೆ ಕಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು, ಮೈಯೆಲ್ಲ ನಡುಗುತ್ತಿತ್ತು. ಒಂದು ಕೂಗಿಲ್ಲ. “ನೋಡ್ರಿ, ಹ್ಯಾಂಗ ಮಾತ ಕೇಳ್ತೈತಿ,” ಎಂದು ನಾನೇ ಹೆಮ್ಮೆಪಟ್ಟೆ. ಚಿತ್ರದಲ್ಲಿ ಗುಂಡು ಬಟ್ಟಲಲ್ಲಿ ಚೆನ್ನಾಗಿಯೇ ಕೂತಂತೆ ಕಂಡಿತು. ಡಾಕ್ಟರು ಏನೋ ಹೇಳಲು ಹೋಗಿ ಸುಮ್ಮನಾದರು. ನಮ್ಮ ಡಾಕ್ಟರು ಕೆಟ್ಟವರಲ್ಲ. ಸಾಹುಕಾರರ ಮರಿ ಕೊಂಡವರೆಲ್ಲ ಲಸಿಕೆಗೆ ನಮ್ಮಲ್ಲಿಗೇ ಬರುತ್ತಿದ್ದರು, ಮೌನಕ್ಕೆ ಅಷ್ಟು ಕಾರಣ ಸಾಕಾಯಿತು. ಆ ಚಿತ್ರ ಸಾಹುಕಾರರ ಮೊಬೈಲಿಗೆ ಹೋಯಿತು. ಅದನ್ನು ತೋರಿಸಿಯೇ ಮುಂದೆ ಮರಿಗಳನ್ನು ಮಾರಿದರು.

ಬೇರೆಯವರಿಗೂ ನಾನೇ ಹೇಳುತ್ತಿದ್ದೆ: “ಭೂಲ್ ಕೊಟ್ಟ ಮ್ಯಾಲ ಏಳೂದು ದೇವರ ಕೈಯಾಗ ಐತಿ. ನಾ ಹಿಡಿತೀನಿ, ಅಂಜಬ್ಯಾಡ್ರಿ.” ನಮ್ಮ ದವಾಖಾನೆಯಲ್ಲಿ ಭೂಲಿನಿಂದ ಒಂದು ನಾಯಿಯೂ ಸತ್ತದ್ದನ್ನು ನಾನು ಕಂಡಿರಲಿಲ್ಲ. ಸೂಜಿ ನನ್ನ ಕೆಲಸ ಕಸಿಯುತ್ತದೆ ಎಂಬ ಹೊಟ್ಟೆಕಿಚ್ಚು ಅದು. ಆ ವಯಸ್ಸಿನಲ್ಲಿ ಒಂದು ಸೂಜಿಯ ಮೇಲೆ ಹೊಟ್ಟೆಕಿಚ್ಚು!

ಕಂಡಕ್ಟರ್ ಹೆಣ್ಣುಮಗಳು ತಂದಿದ್ದು ಆ ತಾಯಿಯ ಮರಿಯನ್ನೇ. ಹೆಸರು ಖಂಡು. ಮನೆದೇವರು ಖಂಡೋಬಾ, ಆತನ ಬಳಿ ಸದಾ ನಾಯಿ ಇರುತ್ತದಲ್ಲ, ಹಾಗೆ ಇಟ್ಟ ಹೆಸರು. ಆಕೆಗೆ ಮೊದಲ ಬಸ್ಸಿನ ಡ್ಯೂಟಿ. ಬೆಳಕು ಹರಿಯುವ ಮೊದಲೇ ಮನೆಯಿಂದ ಡಿಪೋಗೆ ನಡೆಯಬೇಕು. ಖಾನಾಪುರದ ಅಂಚಿನ ಆ ದಾರಿಯಲ್ಲಿ ಕೆಲವೊಮ್ಮೆ ಕರಡಿ ದಾಟುತ್ತದೆ. ಕರಡಿಗಿಂತ ಹೆಚ್ಚು ಕುಡಿದವರು. ಜೊತೆಗಿರಲೆಂದು ನಾಯಿ ತಂದಿದ್ದಳು. ಖಂಡು ಅವಳನ್ನು ಡಿಪೋ ಮುಟ್ಟಿಸಿ ತಾನೇ ಮನೆಗೆ ಮರಳುತ್ತಿತ್ತು. ಆಮೇಲೆ ದಿನದಿನಕ್ಕೆ ಅರ್ಧ ದಾರಿಯಲ್ಲಿ ಕೂರತೊಡಗಿತು. ಎಬ್ಬಿಸಿದರೆ ಎರಡು ಹಿಂಗಾಲನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸಿ ಮತ್ತೆ ಕೂರುತ್ತಿತ್ತು. ಅದನ್ನು ಎತ್ತಿ ಮನೆಗೆ ಬಿಟ್ಟು ಓಡುವಷ್ಟರಲ್ಲಿ ಬಸ್ ತಡವಾಗಿ ಆಕೆಗೆ ಮೆಮೋ ಸಿಕ್ಕಿತ್ತು.

ಆಕೆ ಫೋನ್ ಮಾಡಿ ಕೇಳಿದಾಗ ಸಾಹುಕಾರರು, ಅನ್ನ ಹಾಕಿದ್ದು ತಪ್ಪು, ಬೈಕಿನ ಹಿಂದೆ ಓಡಿಸಿದ್ದು ತಪ್ಪು ಎಂದು ತಪ್ಪುಗಳನ್ನೆಲ್ಲ ಆಕೆಯ ಮೇಲೆಯೇ ಹೇರಿದರು. ಅವಳಲ್ಲಿ ಬೈಕೇ ಇರಲಿಲ್ಲ. ಕೊನೆಗೆ, ಎಕ್ಸ್-ರೇಯಲ್ಲಿ ಮರಿಯ ಸೊಂಟ ಹುಟ್ಟಿನಿಂದಲೇ ಕೆಟ್ಟದ್ದೆಂದು ಕಂಡರೆ ಚಿಕಿತ್ಸೆ ತಮ್ಮದು, ಆ ತಾಯಿಯಿಂದ ಇನ್ನು ಮರಿ ಹಾಕಿಸುವುದಿಲ್ಲ, ಚೆನ್ನಾಗಿದ್ದರೆ ಆಕೆ ಬಾಯಿ ಮುಚ್ಚಬೇಕು ಎಂದು ಒಪ್ಪಂದವಾಯಿತು. ಆ ದಿನ ಬಂದದ್ದು ಅದಕ್ಕೇ.

“ಹೊಟ್ಟಿ ಖಾಲಿ ಐತೇನವ್ವಾ?” ಎಂದು ಡಾಕ್ಟರು ಕೇಳಿದರು.

“ಹೂಂ ರೀ. ಹೊರಡೂ ಮುಂದ ನಮ್ಮವ್ವ ಮೊಸರು ಸಕ್ರಿ ತಿನಸಾಕ ಬಂದಿದ್ಲು, ದೂರ ಹೊಂಟೈತಿ ಅಂತ. ಆ ಬಟ್ಟಲ ಕಸಗೊಂಡು ನಾನ ತಿಂದ್ನಿ.” ಬೆಂಚಿನ ಮೇಲಿದ್ದವರು ನಕ್ಕರು. ಆಕೆ ನಗಲಿಲ್ಲ. “ಆದ್ರ ಡಾಕ್ಟರ, ಭೂಲ್ ಕೊಡಬ್ಯಾಡ್ರಿ. ಕೊಟ್ರ ಏಳೂದು ದೇವರ ಕೈಯಾಗ ಐತಂತ ಫೋನಿನಾಗ ಈ ಕಾಕಾರು ಹೇಳ್ಯಾರ.”

ನನ್ನ ಮಾತು ನನಗೇ ಮರಳಿ ಬಂದಿತ್ತು. ಸಾಹುಕಾರರು ಅದನ್ನೇ ಹಿಡಿದರು. “ಭೂಲ್ ಯಾತಕ್ಕ? ಕಾಕಾ ಹಿಡಿತಾನ ಬಿಡ್ರಿ. ಈ ನಾಯಿ ಅವ್ವನ್ನೂ ಅವನ ಹಿಡದಾನ.”

ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಂತರ ಎಂದಿನಂತೆ ಹಿಡಿದೆ. ಅದೇ ನನ್ನ ಎರಡನೆಯ ಪಾಪ, ಮೊದಲನೆಯದಕ್ಕಿಂತ ದೊಡ್ಡದು. ಯಾಕೆಂದರೆ ಈ ಸಲ ಕುಂಟುವ ನಾಯಿ ಕಣ್ಣ ಮುಂದೆಯೇ ಇತ್ತು. ಖಂಡು ಒದ್ದಾಡಿತು. ಮೊಣಕೈಯಿಂದ ಎದೆ ಅದುಮಿ ಕಾಲು ಜಗ್ಗಿದೆ. ಆಕೆ ಕಿಟಕಿಯ ಆಚೆಯಿಂದ ಮರಾಠಿಯಲ್ಲಿ, “ಘಾಬರೂ ನಕೋ ಬಾಳಾ, ಘಾಬರೂ ನಕೋ,” ಎಂದು ಮಗುವಿಗೆ ಹೇಳುವಂತೆ ಧೈರ್ಯ ಹೇಳುತ್ತಿದ್ದಳು. ಚಿತ್ರ ಬಂತು. ಗುಂಡು ಬಟ್ಟಲಿನಲ್ಲಿತ್ತು. ಅಂಚಿನಲ್ಲಿ ಸ್ವಲ್ಪ ಹೆಚ್ಚುಕಡಿಮೆ, ಅಷ್ಟೇ.

“ಆತಲ್ಲ!” ಸಾಹುಕಾರರು ತೊಡೆ ತಟ್ಟಿದರು. ಮೊಬೈಲ್ ತೆಗೆದು ತಾಯಿಯ ಚಿತ್ರವನ್ನು ಕಂಪ್ಯೂಟರಿನ ಪಕ್ಕ ಹಿಡಿದರು. “ನೋಡ್ರಿ ಕಂಡಕ್ಟರ್ ಬಾಯಿ, ಇದು ತಾಯಿ, ಇದು ನಿಮ್ಮ ಮಗಾ. ಎಲುಬು ಬಂಗಾರದಂಗ ಅದಾವು. ಟಿಕೀಟ ಹರಿಯೂದು ಬ್ಯಾರೆ, ನಾಯಿ ಸಾಕೂದು ಬ್ಯಾರೆ. ಮನ್ಯಾಗ ಏನರ ಬಡದೀರಿ, ಇಲ್ಲಾ ಎಲ್ಲಿಂದರ ಕೆಡವೀರಿ.”

ಖಂಡೋಬಾನ ಒಕ್ಕಲಿಗೆ ‘ನಾಯಿ ಬಡದೀರಿ’ ಎನ್ನುವುದು ಸಣ್ಣ ಮಾತಲ್ಲ. ಆದರೂ ಆಕೆ ಜಗಳಕ್ಕೆ ಬರಲಿಲ್ಲ. ಬಸ್ಸಿನಲ್ಲಿ ಚಿಲ್ಲರೆ ಪರೀಕ್ಷಿಸುವವರ ಹಾಗೆ ಎರಡೂ ಚಿತ್ರಗಳನ್ನು ಬಗ್ಗಿ ಬಗ್ಗಿ ನೋಡಿದಳು.

“ಡಾಕ್ಟರ, ಈ ತೆಳಗ ಏನದಾವ್ರಿ, ಕಡ್ಡಿ ಕಡ್ಡಿ? ಇದರಾಗೂ ಅದಾವು, ಅದರಾಗೂ ಅದಾವು. ಒಂದಕ್ಕ ಬೆಳ್ಳನ ಬಳಿ ಐತಿ ನೋಡ್ರಿ.”

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಸಾಹುಕಾರರು, “ಮಿಷನ್‍ದ ನೆರಳ ಇರತೈತಿ,” ಎಂದರು.

ಮಿಷನ್ನಿನ ನೆರಳಲ್ಲ. ನನ್ನ ಬೆರಳುಗಳು. ಕೈಗವಸಿಲ್ಲದ ಕೈ ಚಿತ್ರದೊಳಗೆ ಬಿದ್ದು ಎಲುಬು ಎಲುಬಾಗಿ ಮೂಡಿತ್ತು. ಬಳೆಯಂತೆ ಕಂಡದ್ದು ಕೀಲುನೋವಿಗೆಂದು ನಾನು ತೊಟ್ಟ ತಾಮ್ರದ ಉಂಗುರ. ಎರಡು ನಾಯಿಗಳ ಕಾಲ ಬಳಿಯೂ ಅದೇ ಬೆರಳು, ಅದೇ ಉಂಗುರ. ಡಾಕ್ಟರು ಉತ್ತರಿಸಲಾರರೆಂದು ಅವರ ಕನ್ನಡಕದ ಒರೆಸಾಟ ನೋಡಿಯೇ ತಿಳಿಯಿತು. ನಾನೂ ಸುಮ್ಮನಿದ್ದರೆ ಆಕೆ ನಾಯಿ ಬಡಿದವಳೆಂಬ ಹೆಸರು ಹೊತ್ತು ಖಾನಾಪುರದ ಬಸ್ ಹತ್ತುತ್ತಿದ್ದಳು.

“ಅವು ನನ್ನ ಬಳ್ಳು, ತಂಗಿ,” ಎಂದು ಆ ಕೈಯನ್ನು ಪರದೆಯ ಪಕ್ಕ ಹಿಡಿದೆ. “ಎರಡೂ ನಾಯಿ ಎಚ್ಚರ ಇದ್ದಾಗ ನಾ ಜಗ್ಗಿ ಹಿಡದೇನಿ. ಅಂಜಿದ ನಾಯಿ ಗುಂಡನ್ನ ತಾನ ಒಳಗ ಹಿಡಕೊಂತೈತಿ. ಭೂಲ್ ಕೊಟ್ಟು ತಗದ ಫೋಟೋದಾಗ ಬಳ್ಳು ಇರೂದಿಲ್ಲ. ಇದು ಸೊಂಟದ ಫೋಟೋ ಅಲ್ಲ, ನನ್ನ ಹಿಡಿತದ ಫೋಟೋ. ಭೂಲ್ ಕೊಟ್ರ ಸಾಯತೈತಿ ಅಂದದ್ದೂ ಸುಳ್ಳ.”

“ಕಾಕಾ, ಹುಚ್ಚ ಹಿಡದೈತೇನ್ ನಿನಗ?” ಸಾಹುಕಾರರು ಮುಂದೆ ಬಂದರು. “ನಮ್ಮನಿ ಚಹಾ ಕುಡದು ನನ್ನ ಮ್ಯಾಲ ಬರ್ತಿ?”

“ಕುಡದೇನ್ರಿ. ಅದಕ್ಕ ಇಷ್ಟ ದಿನ ಬಾಯಿ ಬಿಟ್ಟಿರಲಿಲ್ಲ. ಸಾಹೇಬ್ರ, ಭೂಲ್ ತುಂಬ್ರಿ. ಇನ್ನ ಎಚ್ಚರ ಇದ್ದ ನಾಯಿನ್ನ ಸೊಂಟದ ಫೋಟೋಕ್ಕ ನಾ ಹಿಡಿಯೂದಿಲ್ಲ. ಬೇಕಾದ್ರ ನನ್ನ ಬಿಡಸ್ರಿ.”

ಡಾಕ್ಟರು ಕನ್ನಡಕ ಹಾಕಿಕೊಂಡು ಆಕೆಯ ಕಡೆ ತಿರುಗಿದರು. “ಅಪಾಯ ಇಲ್ಲಂತ ನಾ ಹೇಳೂದಿಲ್ಲ ತಂಗಿ. ಭಾಳ ಕಡಿಮಿ ಐತಿ. ಎದಿ ನೋಡ್ತೀನಿ, ಸರಿ ಇದ್ರಷ್ಟ ಕೊಡ್ತೀನಿ. ಎಬ್ಬಸೂ ಇಂಜೆಕ್ಷನ್ನೂ ಕೈಯಾಗ ಇರತೈತಿ.”

ಆಕೆ ನನ್ನ ಕಡೆ ಬೆರಳು ಮಾಡಿದಳು. “ಕೊಡ್ರಿ. ಆದ್ರ ಸುಳ್ಳ ಹೇಳಿದ ಕಾಕಾ ಒಳಗಿರಲಿ,” ಎಂದಳು. “ಇದು ಏಳೂತನಕ ಅಲ್ಲಿಂದ ಹಂದಾಡಬಾರದು.”

ಡಾಕ್ಟರು ಎದೆ ಕೇಳಿದರು, ತೂಕ ನೋಡಿದರು, ಒಸಡು ಒತ್ತಿ ರಕ್ತ ಮರಳುವುದನ್ನು ಗಮನಿಸಿದರು. ಮುಂಗಾಲಿನ ಕೂದಲು ಬೋಳಿಸಿ ನರಕ್ಕೆ ಸಣ್ಣ ಕೊಳವೆ ಹಾಕಿದರು. ಔಷಧವನ್ನು ಒಮ್ಮೆಲೇ ತಳ್ಳದೆ, ತುಸು ಕೊಟ್ಟು ನಿಂತು, ಮತ್ತೆ ತುಸು ಕೊಟ್ಟರು. ಖಂಡುವಿನ ತಲೆ ನನ್ನ ಅಂಗೈಯಲ್ಲಿ ಭಾರವಾಗುತ್ತ ಬಂತು. ಕಣ್ಣು ತೆರೆದೇ ಇತ್ತು. ಒಣಗದಿರಲೆಂದು ಮುಲಾಮು ಹಚ್ಚಿ ಬಟ್ಟೆ ಮುಚ್ಚಿದೆ, ಕಿವಿಗೆ ಹತ್ತಿ ಇಟ್ಟೆ. ಈ ಮಂಪರಿನಲ್ಲಿರುವ ನಾಯಿಗೆ ಸದ್ದು ಕೇಳಿದರೆ ದಿಗ್ಗನೆ ಎಚ್ಚರವಾಗುತ್ತದೆ.

ಆದದ್ದೂ ಅದೇ. ಕಾಲು ನೇರ ಮಾಡುವಷ್ಟರಲ್ಲಿ ಬಾಗಿಲ ಆಚೆ ಸಾಹುಕಾರರ ಫೋನ್ ಬ್ಯಾಂಡಿನಂತೆ ಮೊಳಗಿತು. ಅವರು ಅದನ್ನು ಬೇಗ ಆರಿಸಲೂ ಇಲ್ಲ. ಖಂಡು ತಲೆ ಎತ್ತಿ ಹಲ್ಲು ಬಿಟ್ಟಿತು. ನನ್ನ ಕೈ ಹಳೆಯ ಚಾಳಿಯಂತೆ ಅದರ ಕತ್ತಿಗೆ ಹೋಯಿತು.

“ಒತ್ತಬ್ಯಾಡ್ರಿ ಕಾಕಾ!” ಡಾಕ್ಟರು ಗದರಿದರು. ಕೈ ತೆಗೆದೆ. ಅವರು ಹೊರಗೆ ಹೋಗಿ ಏನು ಹೇಳಿದರೋ, ಸದ್ದಡಗಿತು. ಮರಳಿ ಬಂದು ಇನ್ನೊಂದು ಚೂರು ಔಷಧ ಕೊಟ್ಟರು. ಈಗ ಎದೆಬಡಿತ ನಿಧಾನವಾಯಿತು. ಒಸಡು ಬಿಳಿಚಿತು. ನಾನಾಡಿದ ಸುಳ್ಳನ್ನು ದೇವರು ಇವತ್ತೇ ನಿಜ ಮಾಡುತ್ತಾನೆ ಅನಿಸಿತು.

“ಈ ಔಷಧಕ್ಕ ಇಷ್ಟ ನಿಧಾನ ಆಗೂದ ಐತಿ,” ಎಂದರು ಡಾಕ್ಟರು, ನಾಲಗೆಗೆ ಸಿಕ್ಕಿಸಿದ ಕ್ಲಿಪ್ಪಿನ ಅಂಕಿ ನೋಡುತ್ತ. “ಆಕ್ಸಿಜನ್ ಮಾಸ್ಕ್ ಮೂಗಿಗೆ ಹಿಡೀರಿ. ಉಸಿರು ಲೆಕ್ಕ ಮಾಡ್ಕೋತ ಇರ್ರಿ.” ನಾನು ಪಕ್ಕೆಲುಬಿನ ಮೇಲೆ ಕೈಯಿಟ್ಟು ಎಣಿಸಿದೆ. ಏರಿತು, ಇಳಿಯಿತು. ಒಸಡಿಗೆ ನಿಧಾನವಾಗಿ ಬಣ್ಣ ಮರಳಿತು.

ಡಾಕ್ಟರು ನನ್ನ ಅಂಗೈಯನ್ನು ಖಂಡುವಿನ ಸೊಂಟದ ಮೇಲೆ ಇಡಿಸಿದರು. ಮೊಣಕಾಲನ್ನು ಮೆಲ್ಲಗೆ ಮೇಲಕ್ಕೆ ಒತ್ತಿ, ಕಾಲನ್ನು ಪಕ್ಕಕ್ಕೆ ಸರಿಸಿದರು. ನನ್ನ ಅಂಗೈಯ ಕೆಳಗೆ ‘ಕಟಕ್’ ಎಂದಿತು. ಹೊರಗೆ ಜಾರಿದ್ದ ಗುಂಡು ಬಟ್ಟಲಿಗೆ ಮರಳಿ ಬಿದ್ದ ಸದ್ದು ಅದು. ಇನ್ನೊಂದು ಕಾಲಿಗೂ ಹಾಗೆಯೇ. ಇಷ್ಟು ವರ್ಷ ಪ್ರಾಣಿ ಹಿಡಿದ ಕೈ ಇದು. ಒಮ್ಮೆಯಾದರೂ ಬಿಗಿ ಬಿಟ್ಟಿದ್ದರೆ ಈ ಸದ್ದು ಅದರ ತಾಯಿಯಲ್ಲೂ ತಿಳಿಯುತ್ತಿತ್ತೇನೋ.

ದೋಣಿಯಾಕಾರದ ಸ್ಪಂಜಿನಲ್ಲಿ ಅಂಗಾತ ಮಲಗಿಸಿದೆವು. ಎರಡು ಕಾಲನ್ನೂ ಜೋಡಿಯಾಗಿ ಚಾಚಿ, ಮೊಣಕಾಲ ಚಿಪ್ಪು ನಡುವೆ ಬರುವಂತೆ ಒಳಕ್ಕೆ ಹೊರಳಿಸಿ, ತೊಡೆಗಳಿಗೆ ಪಟ್ಟಿ ಸುತ್ತಿ, ಮರಳುಚೀಲ ಇಟ್ಟೆವು. ನಂತರ ಕಿರಣ ತಾಗದಿರಲೆಂದು ಎಲ್ಲರೂ ಹೊರಗೆ ಬಂದೆವು. ಆಕೆಯ ಮಾತಿಗೆ ಕಟ್ಟುಬಿದ್ದು ನಾನು ಬಾಗಿಲ ಗಾಜಿಗೆ ಮುಖ ಹಚ್ಚಿ ಅದರ ಉಸಿರು ಎಣಿಸುತ್ತಲೇ ಇದ್ದೆ. ಮೊದಲ ಚಿತ್ರದಲ್ಲಿ ಸೊಂಟ ಓರೆಯಾಗಿತ್ತು. ಒಳಗೆ ಹೋಗಿ ಸರಿಪಡಿಸಿ ಮತ್ತೆ ತೆಗೆದರು.

ಪರದೆಯ ಮೇಲೆ ಚಿತ್ರ ಬಂತು. ಎರಡೂ ಗುಂಡುಗಳು ಬಟ್ಟಲಿನಿಂದ ಅರ್ಧಕ್ಕರ್ಧ ಹೊರಗಿದ್ದವು. ಬಟ್ಟಲು ಬಟ್ಟಲೇ ಅಲ್ಲ, ತಟ್ಟೆ. ಚಿತ್ರದಲ್ಲಿ ಒಂದೂ ಬೆರಳಿರಲಿಲ್ಲ.

“ಎರಡೂ ಫೋಟೋ ನಮ್ಮ ಖಂಡೂನವ ಏನ್ರಿ?” ಎಂದು ಕೇಳಿದಳು ಆಕೆ. “ಒಂದ ತಾಸಿನಾಗ?”

“ಒಂದ ನಾಯಿ,” ಎಂದರು ಡಾಕ್ಟರು. “ಹುಟ್ಟಾ ಬಂದದ್ದು ಇದು. ನೀವು ಬಡದದ್ದಲ್ಲ, ಅನ್ನ ಹಾಕಿದ್ದಕ್ಕ ಆದದ್ದಲ್ಲ. ಆ ತಾಯಿದು ನಾ ಅವತ್ತ ಭೂಲ್ ಇಲ್ಲದ ತಗೀಬಾರದಿತ್ತು. ನನ್ನ ತಪ್ಪೂ ಐತಿ.”

ಸಾಹುಕಾರರಿಗೆ ನಾಚಿಕೆಯಾಯಿತೆಂದು ನೀವು ತಿಳಿದರೆ ಅವರನ್ನು ನೀವು ಅರಿತಿಲ್ಲ. “ಭೂಲ್ ಕೊಟ್ಟು ಜಗ್ಗಿದ್ರ ಯಾರ ಕಾಲೂ ಕಳಚತಾವು! ಕಾಕಾನ್ನ ಮಲಗಸ್ರಿ, ಅವನವೂ ಕಳಚತಾವು!”

“ಹಂಗಾರ ತಾಯಿನ್ನ ಕರಕೊಂಡ ಬರ್ರಿ,” ಎಂದಳು ಕಂಡಕ್ಟರ್. “ಅದಕ್ಕೂ ಭೂಲ್ ಕೊಟ್ಟು ನೋಡೂಣು. ಕಳಚತಾವೋ, ಮೊದಲ ಕಳಚ್ಯಾವೋ.”

“ಆಗೂದಿಲ್ಲ. ಅದು ಗಬ್ಬ ಐತಿ.”

ಒಪ್ಪಂದದ ಬಾಯಿಮಾತು ಆಡುವಾಗಲೇ ಅದರ ಹೊಟ್ಟೆಯಲ್ಲಿ ಮುಂದಿನ ಮರಿಗಳಿದ್ದವು. ಅದನ್ನು ಹೇಳುವಾಗ ಅವರ ಮುಖದಲ್ಲಿ ಇದ್ದದ್ದು ಜಾಣತನದ ನಗು. ಬಸಿರು ನಾಯಿಗೆ ಭೂಲ್ ಕೊಡಲು, ಎಕ್ಸ್-ರೇ ತೆಗೆಯಲು ಡಾಕ್ಟರು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಆಡಿದ ಮಾತು. ಚಿಕಿತ್ಸೆಯ ಮಾತೆತ್ತುವ ಮೊದಲೇ ಕಾರು ಹತ್ತಿದರು. ಆ ಮೇಲೆ ಅವರು ನಮ್ಮ ದವಾಖಾನೆಗೆ ಬಂದಿಲ್ಲ. ಮರಿಗಳು ಹುಟ್ಟಿ ಮಾರಾಟವಾದವು. ಅವರು ವಾಟ್ಸಾಪಿನಲ್ಲಿ ಹರಿಬಿಟ್ಟ ಜಾಹೀರಾತನ್ನು ಯಾರೋ ನನಗೆ ತೋರಿಸಿದರು. ತಾಯಿಯದು ಅದೇ ಎಕ್ಸ್-ರೇ, ಕೆಳಗಿನ ಅಂಚನ್ನು ಮಾತ್ರ ಕತ್ತರಿಸಿದ್ದರು. ಬೆರಳು ಹೋಗಿದ್ದವು, ಸುಳ್ಳು ಉಳಿದಿತ್ತು. ಮರಿ ಕೊಳ್ಳಲು ಹೊರಟವರು ಸಿಕ್ಕರೆ ನಾನು ಈ ಕಥೆ ಹೇಳುತ್ತೇನೆ. ಕೆಲವರು ನಂಬುತ್ತಾರೆ. ಹೆಚ್ಚಿನವರು, “ಮುದುಕನಿಗೆ ಸಾಹುಕಾರನ ಮ್ಯಾಲ ಸಿಟ್ಟ,” ಎನ್ನುತ್ತಾರೆ. ಸಿಟ್ಟು ನಿಜ, ಅದನ್ನು ನಾನೇಕೆ ಮುಚ್ಚಿಡಲಿ?

ಆ ದಿನ ಎಬ್ಬಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಖಂಡು ಮೊದಲು ಕಿವಿ ಕುಣಿಸಿತು. ನಂತರ ಕಣ್ಣು ಪಿಳುಕಿಸಿ, ತಲೆಯ ಬಳಿ ಕುಳಿತಿದ್ದ ನನ್ನ ಕೈಯನ್ನು ಮೂಸಿ ಮುಖ ತಿರುಗಿಸಿತು. ನಾನು ಆಕೆಗೆ ಕೈ ಮುಗಿದೆ. “ತಪ್ಪಾತು ತಂಗಿ, ಹೊಟ್ಟ್ಯಾಗ ಹಾಕ್ಕೋ.”

“ಹೊಟ್ಟ್ಯಾಗ ಹಾಕ್ಕೊಂಡ್ರ ಇದರ ಕಾಲ ಸರಿ ಆಗ್ತಾವೇನ್ರಿ ಕಾಕಾ?” ಎಂದಳು. “ಇದನ್ನ ನೀರಾಗ ಈಸಸಬೇಕಂತ ಡಾಕ್ಟರು ಹೇಳ್ಯಾರ, ಮಾಂಸ ಬಲಾ ಬರಲಿ ಅಂತ. ಆಪರೇಷನ್ನಿನ ಮಾತ ಆಮ್ಯಾಲ. ನನಗ ಡ್ಯೂಟಿ ಐತಿ. ರವಿವಾರ ಬಂದು ನೀವ ಈಸಸ್ರಿ.”

ಹೋದೆ. ಆಕೆಯದೇ ಬಸ್ಸು. “ಸಂಬಂಧ ಬಸ್ಸಿನ ಹೊರಗ, ಟಿಕೀಟ ತಗೋರಿ,” ಎಂದಳು.

ಈಗ ರವಿವಾರಗಳೆಲ್ಲ ಖಾನಾಪುರದಲ್ಲಿಯೇ. ಮಲಪ್ರಭೆಯ ಘಾಟಿನಲ್ಲಿ ಮಳೆಯ ಕೆಂಪು ಇಳಿದು ನೀರು ತಿಳಿಯಾಗಿದೆ. ಖಂಡುವನ್ನು ಸೊಂಟದಾಳಕ್ಕೆ ಕರೆದೊಯ್ಯುತ್ತೇನೆ. ಮೊದಲ ದಿನ ಅದು ಮುಳುಗೀತೆಂದು ಹೊಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ತಬ್ಬಿದೆ. ನಾಯಿ ಮರವಾಯಿತು. ಒಂದು ಕಾಲೂ ಆಡಲಿಲ್ಲ.

“ಹಿಡೀಬ್ಯಾಡ್ರಿ ಕಾಕಾ!” ಡ್ಯೂಟಿ ಮುಗಿಸಿ ದಂಡೆಯ ಮೇಲೆ ಯೂನಿಫಾರ್ಮಿನಲ್ಲೇ ಕುಳಿತಿದ್ದ ಆಕೆ ಕೂಗಿದಳು. “ಕೈ ತೆಳಗ ಇರಲಿ, ಸಾಕು.”

ಬೆರಳು ಬಿಡಿಸಿದೆ. ಅಂಗೈಯನ್ನು ನೀರೊಳಗೆ, ಹೊಟ್ಟೆಗೆ ಮುಟ್ಟಿಯೂ ಮುಟ್ಟದಂತೆ ಹರವಿ ನಿಂತೆ. ಸ್ವಲ್ಪ ಹೊತ್ತಿಗೆ ಆ ಹಿಂಗಾಲುಗಳು, ಮೊದಲು ಒಂದು, ಆಮೇಲೆ ಇನ್ನೊಂದು, ನೀರನ್ನು ಒದೆಯತೊಡಗಿದವು.